ಬೀದ್ಯಾಗ ಕೂತು ಹೆಣದವರು

ಸ್ವೆಟರ್ ಹೆಣಿಯೂದು, ಕ್ರೋಶಾ ಹಾಕೂದು ಅಂದ್ರ ಮನ್ಯಾಗ ಕೂತು ಮಾಡೋ ಕೆಲಸ ಅಂತ ನಾವೆಲ್ಲಾರೂ ತಿಳಕೊಂಡೇವಿ. ಮಧ್ಯಾಹ್ನ ಊಟಾ ಆಗಿ, ಭಾಂಡಿ ತಿಕ್ಕಿ, ಮಂದಿ ಎಲ್ಲಾ ಅಡ್ಡಾದ ಹೊತ್ತಿನ್ಯಾಗ ಮಾಡೂದು. ಕೆಲಸಾ ಇಲ್ಲದಾಗ ಮಾಡೋ ಕೆಲಸ ಅಂತ ಮನಿ ಗಂಡಸರು ಇದಕ್ಕ ಹೆಸರಿಟ್ಟಾರ. ಬಸ್ಸಿನ್ಯಾಗ, ದವಾಖಾನಿ ಬಾಕಿನ ಮ್ಯಾಲ, ಮಕ್ಕಳ ಸಾಲಿ ಗೇಟಿನ ಮುಂದ ಯಾರರೆ ಸೂಜಿ ಉಲನ್ ತಗದ್ರು ಅಂದ್ರ ಜನಾ ತಿರುಗಿ ತಿರುಗಿ ನೋಡ್ತಾರ. "ಇದನ್ನ ಮನ್ಯಾಗ ಮಾಡ್ಲಿಕ್ಕೆ ಆಗೂದಿಲ್ಲೇನ್ರಿ?" ಅಂತ ಕೇಳೋ ಅಜ್ಜಿನೂ ಒಬ್ಬಾಕಿ ಸಿಕ್ಕೇ ಸಿಗ್ತಾಳ.

ಇತಿಹಾಸಾ ತಗದು ನೋಡಿದ್ರ ಮಾತು ಪೂರಾ ಉಲ್ಟಾ ಅದ. ಹೆಣಿಕಿ ಬೆಳದದ್ದು ರಸ್ತಾದ ಮ್ಯಾಲ, ಗುಡ್ಡದ ಮ್ಯಾಲ, ಸಂತ್ಯಾಗ, ಸಭಾದಾಗ, ರೈಲ್ವೆ ಡಬ್ಬಿಯೊಳಗ. ಮನಿ ಒಳಗ ಅದು ಮುಚ್ಚಿಕೊಂಡು ಕೂತಲ್ಲೆ ಹೆಣದಾಕಿಗೆ ರೊಕ್ಕಾನೂ ಸಿಗಲಿಲ್ಲ, ಹೆಸರೂ ಸಿಗಲಿಲ್ಲ. ಆ ಕತಿ ಇವತ್ತ ನಿಮಗ ಹೇಳಬೇಕಂತ ಕೂತೀನಿ. ಇದರಾಗ ನಮ್ಮದೂ ಒಂದು ಲೆಕ್ಕದ ಮಾತು ಅದ, ಅದನ್ನ ಕಡೀಕ ಹೇಳ್ತೀನಿ.

ಮೊದಲ ಒಂದು ಸಣ್ಣ ವಿಚಾರ. ನೇಯಬೇಕಂದ್ರ ಮಗ್ಗ ಬೇಕು, ಮಗ್ಗಕ್ಕ ಮನ್ಯಾಗ ಜಾಗಾ ಬೇಕು. ರಾಟಿಲೆ ನೂಲಬೇಕಂದ್ರ ಅದರ ಮುಂದ ಕೂಡಬೇಕು. ಹೆಣಿಕಿಗೆ ಏನೂ ಬ್ಯಾಡ. ಎರಡು ಸೂಜಿ, ಒಂದು ಉಂಡಿ ಉಲನ್, ಒಂದು ಚೀಲ. ಕಾಲುಚೀಲಾ ಮಾಡೋರಿಗೆ ನಾಕೈದು ಸೂಜಿ, ಅಷ್ಟ. ಕ್ರೋಶಾಕ್ಕಂತೂ ಒಂದ ಕೊಕ್ಕಿ ಸೂಜಿ ಸಾಕು. ಸ್ವೆಟರಿನ್ಯಾಗ ನೂರಾರು ಕುಣಿಕಿ ಸೂಜಿ ಮ್ಯಾಲ ಜೀವಂತ ಇರ್ತಾವ, ಸೂಜಿ ಜಾರಿದ್ರ ಸಾಲಿಗೆ ಸಾಲ ಉಚ್ಚಿ ಬರ್ತದ. ಕ್ರೋಶಾದಾಗ ಒಂದ ಕುಣಿಕಿ ತೆರದಿರ್ತದ, ಉಳಿದದ್ದೆಲ್ಲಾ ಗಂಟು ಬಿದ್ದಿರ್ತದ. ಬಸ್ಸು ಗಪ್ಪನ ಬ್ರೇಕ್ ಹಾಕಿದ್ರೂ ಒಂದ ಕುಣಿಕಿ ಹೋಗ್ತದ. ಹಿಂಗಾಗಿ ಈ ಎರಡೂ ವಿದ್ಯಾ ಹುಟ್ಟಿದ್ದ ತಿರುಗ್ಯಾಡ್ಲಿಕ್ಕೆ ಅನ್ನೂಹಂಗ ಅವ.

ಸ್ಕಾಟ್ಲೆಂಡಿನ ಉತ್ತರಕ್ಕ, ಸಮುದ್ರದ ನಡುವ ಶೆಟ್ಲೆಂಡ್ ಅಂತ ದ್ವೀಪಗಳವ. ಅಲ್ಲೆ ಗಾಳಿ ಭಾಳ, ಗಿಡಾ ಮರಾ ಕಡಿಮಿ. ಒಲಿಗೆ ಹಾಕಲಿಕ್ಕೆ ಕಟಿಗಿ ಇಲ್ಲಾ. ಗುಡ್ಡದ ಜೌಗು ನೆಲದಾಗ ಸಿಗೋ ಪೀಟ್ ಅನ್ನೋ ಕರೀ ಮಣ್ಣಿನಂಥಾದ್ದನ್ನ ಕಡದು, ಒಣಗಿಸಿ, ಅದನ್ನ ಸುಡತಿದ್ರು. ಗಂಡಸರು ಮೀನು ಹಿಡಿಲಿಕ್ಕೆ ಸಮುದ್ರಕ್ಕ ಹೋದ್ರ ಪೀಟ್ ಹೊತ್ತು ತರೂದು ಹೆಣ್ಣುಮಕ್ಕಳ ಪಾಲಿಗೆ. ಬೆನ್ನಿಗೆ ಕಿಶಿ ಅನ್ನೋ ಹುಲ್ಲಿನ ಬುಟ್ಟಿ. ಭಾರ ಎಲ್ಲಾ ಬೆನ್ನಿಗೆ, ಕೈ ಎರಡೂ ಖಾಲಿ. ಖಾಲಿ ಕೈ ಯಾಕ ಬಿಡಬೇಕು ಅಂತ ಅವರು ಗುಡ್ಡಾ ಹತ್ತೂ ಮುಂದನೂ ಇಳಿಯೂ ಮುಂದನೂ ಹೆಣಕೋತ ನಡೀತಿದ್ರು. ಸೊಂಟಕ್ಕ ಒಂದು ತೊಗಲಿನ ಪಟ್ಟಾ. ಅದರ ಮುಂದಿನ ಭಾಗದಾಗ ಕುದರಿ ಕೂದಲಾ ತುಂಬಿದ ಮೆತ್ತನ್ನ ದಿಂಬಿನಂಥಾದ್ದು, ಅದರ ತುಂಬ ಸಣ್ಣ ಸಣ್ಣ ತೂತು. ಬಲಗಡೆ ಸೂಜಿಯ ತುದಿ ಆ ತೂತಿನ್ಯಾಗ ಚುಚ್ಚಿಬಿಟ್ರ ಸೂಜಿ ಅಲಗಾಡೂದಿಲ್ಲ, ಬಲಗೈ ಬೆರಳು ನೂಲಾ ಓಡಿಸಲಿಕ್ಕೆ ಬಿಡುವಾಗ್ತಾವ. ನೋಡದನ ಹೆಣೀತಿದ್ರು. ಅವರ ಫೋಟೋ ಇವತ್ತಿಗೂ ಸಿಗ್ತಾವ. ಬುಟ್ಟಿ ತುಂಬ ಪೀಟ್, ಕಾಲಾಗ ಕಲ್ಲು ಹಾದಿ, ಕೈಯಾಗ ಸೂಜಿ.

ಅವರು ಹೆಣದದ್ದು ಮನಿ ಮಂದಿಗಷ್ಟ ಅಲ್ಲಾ. 17ನೇ ಶತಮಾನದಾಗನ ಡಚ್ ಮೀನುಗಾರರ ಹಡಗಾ ಬ್ಯಾಸಗಿಗೆ ಬಂದು ಲರ್ವಿಕ್ ಹತ್ರ ನಿಲ್ತಿದ್ವು. ಊರ ಹೆಣ್ಣುಮಕ್ಕಳು ದಂಡಿಗೆ ಹೋಗಿ ಕಾಲುಚೀಲಾ ಮಾರತಿದ್ರು. ಮುಂದ 19ನೇ ಶತಮಾನದಾಗ ಉನ್ಸ್ಟ್ ಅನ್ನೋ ದ್ವೀಪದ ಜಾಳಿಗಿ ಶಾಲು ಎಷ್ಟು ನಯ ಆದವು ಅಂದ್ರ ಪೂರಾ ಶಾಲು ಒಂದು ಉಂಗುರದಾಗ ಹಾದು ಬರ್ತಿತ್ತು. ದೊಡ್ಡ ದೊಡ್ಡ ಮನಿ ಬೀಗಿತ್ಯಾರು ಅದನ್ನ ಹೊತಗೊಂಡು ಮೆರೀತಿದ್ರು.

ಹೆಣದಾಕಿಗೆ ಏನು ಸಿಕ್ತು? ರೊಕ್ಕ ಅಂತೂ ಅಲ್ಲಾ. ಅಂಗಡಿಯಾಂವ ಶಾಲು ತಗೊಂಡು ಚಹಾ ಪುಡಿ ಕೊಡ್ತಿದ್ದ, ಇಲ್ಲಾ ಅರಿವಿ ಕೊಡ್ತಿದ್ದ. ಮನ್ಯಾಗ ಹಿಟ್ಟಿಲ್ಲಾ ಅಂದ್ರ ಆಕಿ ಆ ಚಹಾ ಪುಡಿ ತಗೊಂಡು ಓಣಿ ಓಣಿ ತಿರುಗಿ ಹಿಟ್ಟಿಗೋ ಬಟಾಟಿಗೋ ಬದಲಿ ಮಾಡ್ಕೋಬೇಕು. ಈ ಪದ್ಧತಿಗೆ ಅಲ್ಲೆ ಟ್ರಕ್ ಅಂತಿದ್ರು. 1872ರಾಗ ಸರ್ಕಾರದಿಂದ ಒಂದು ವಿಚಾರಣಾ ಆತು. ಅಧಿಕಾರಿ ಲರ್ವಿಕ್ಕಿನ್ಯಾಗ ಕೂತು ಸಾಕ್ಷಿ ಬರಕೊಂಡರು. ಹೆಣಿಯೋ ಹೆಣ್ಣುಮಕ್ಕಳು ಒಬ್ಬೊಬ್ಬರ ಬಂದು, ಯಾವ ಶಾಲಿಗೆ ಎಷ್ಟ ದಿನಾ ಹತ್ತಿತು, ಉಲನ್ ಎಲ್ಲಿಂದ ಬಂತು, ಅಂಗಡಿಯಾಂವ ಏನು ಕೊಟ್ಟಾ, ರೊಕ್ಕಾ ಕೇಳಿದ್ರ ಏನಂದಾ, ಎಲ್ಲಾ ಹೇಳಿದ್ರು. ಪ್ರಶ್ನಿ ಉತ್ತರ ಸಹಿತ ಅದು ಅಚ್ಚಾಗೇದ. ಪದ್ಧತಿ ಮರುದಿನಾನ ಹೋಗಲಿಲ್ಲ, ಮುಂದನೂ ಭಾಳ ವರ್ಷಾ ನಡೀತು. ಆದ್ರ ಶಾಲಿನ ಹಿಂದ ಇರೋ ಕೈಗೆ ಒಂದು ಹೆಸರು ಬಂತು, ಆಕಿ ಮಾತು ಸರ್ಕಾರಿ ಕಾಗದದ ಮ್ಯಾಲ ಕೂತು.

ಹೆಣಿಕಿ ಅಂದ್ರ ಹೆಣ್ಣುಮಕ್ಕಳದ ಅಂತೂ ಅನ್ಕೋಬ್ಯಾಡ್ರಿ. ಫ್ರಾನ್ಸಿನ ಲ್ಯಾಂಡ್ ಪ್ರಾಂತದಾಗ ನೆಲಾ ಎಲ್ಲಾ ಜೌಗು. ಅಲ್ಲಿ ಕುರುಬರು ಉದ್ದನ್ನ ಮರಗಾಲು ಕಟ್ಟಿಕೊಂಡು ಕುರಿ ಕಾಯ್ತಿದ್ರು. ಎತ್ತರದಿಂದ ಕುರಿ ಕಾಣ್ತಾವ, ಕಾಲು ಒದ್ದಿ ಆಗೂದಿಲ್ಲ. ಬೆನ್ನಿಗೆ ಮತ್ತೊಂದು ಕೋಲು ಆನಿಸಿಕೊಂಡ್ರ ಮೂರು ಕಾಲಿನ ಮಣಿ ಆದಂಗ. ಹಂಗ ಮುಗಿಲಿನ್ಯಾಗ ಕೂತಂಗ ಕೂತು ಗಂಡಸರು ಕಾಲುಚೀಲಾ ಹೆಣೀತಿದ್ರು. 19ನೇ ಶತಮಾನದಾಗ ಆ ಜೌಗು ಬಸಿದು ಪೈನ್ ಗಿಡಾ ಹಚ್ಚಿದ ಮ್ಯಾಲ ಕುರಿನೂ ಹೋದ್ವು, ಮರಗಾಲೂ ಹೋದ್ವು. ಇಂಗ್ಲೆಂಡಿನ ಡೆಂಟ್ ಅನ್ನೋ ಕಣಿವಿ ಊರಾಗ ಗಂಡಸರು, ಹೆಂಗಸರು, ಹುಡುಗರು ಎಲ್ಲಾರೂ ಹೆಣೀತಿದ್ರು. ಚಳಿಗಾಲದ ರಾತ್ರಿ ದೀಪದ ಎಣ್ಣಿ, ಒಲಿ ಉರಲು ಉಳಸಲಿಕ್ಕೆ ಒಬ್ಬೊಬ್ಬರ ಮನ್ಯಾಗ ಪಾಳಿ ಪ್ರಕಾರ ಕೂಡತಿದ್ರು. ಹಾಡು ಹೇಳಿಕೋತ ಕೈ ಓಡಸತಿದ್ರು. ನಮ್ಮಲ್ಲೆ ಹಪ್ಪಳಾ ಮಾಡೂ ಮುಂದ, ಶ್ಯಾವಗಿ ಹೊಸಿಯೂ ಮುಂದ ಓಣಿ ಎಲ್ಲಾ ಕೂಡತದಲ್ಲಾ, ಹಂಗ.

ಇನ್ನ ಪ್ಯಾರಿಸಿಗೆ ಬರ್ರಿ. ಹೆಣಿಯೋ ಹೆಣ್ಣುಮಕ್ಕಳಿಗೆ ಜನಾ ಹೆದರಿದ್ದು ಅಲ್ಲೆ.

1789ರ ಅಕ್ಟೋಬರ್ 5ಕ್ಕ ಪ್ಯಾರಿಸಿನ ಸಂತಿ ಹೆಣ್ಣುಮಕ್ಕಳು ರೊಟ್ಟಿ ಸಿಗವಲ್ತು, ಸಿಕ್ಕ್ರೂ ತುಟ್ಟಿ ಆಗೇದ ಅಂತ ಎದ್ದು ಹೊರಟ್ರು. ಮಳಿಯಾಗ ಸುಮಾರು 20 ಕಿಲೋಮೀಟರ್ ನಡದು ವರ್ಸೇಲ್ಸ್ ಅರಮನಿಗೆ ಹೋದ್ರು. ಮರುದಿನಾ ರಾಜಾ ರಾಣಿನ್ನ ಕರಕೊಂಡ ಪ್ಯಾರಿಸಿಗೆ ತಿರುಗಿ ಬಂದ್ರು. ಆಮ್ಯಾಲ ಕ್ರಾಂತಿ ನಡದಷ್ಟೂ ದಿನಾ ಇಂಥಾ ಹೆಣ್ಣುಮಕ್ಕಳು ಸಭಾದ ಗ್ಯಾಲರಿಯೊಳಗ ಹೋಗಿ ಕೂಡತಿದ್ರು. ಮತಾ ಹಾಕೋ ಹಕ್ಕು ಇಲ್ಲಾ, ಕೆಳಗ ಕೂತು ಮಾತಾಡೋ ಹಕ್ಕೂ ಇಲ್ಲಾ. ಕೇಳಲಿಕ್ಕೆ, ಕೂಗಲಿಕ್ಕೆ ಯಾರೂ ತಡೀಲಿಲ್ಲ. ಇಡೀ ದಿನಾ ಕೂಡಬೇಕಂದ್ರ ಮನಿ ಕೆಲಸಾ? ಕಾಲುಚೀಲಾ ಜೋಡಿಗೆ ತರತಿದ್ರು. ಅದಕ್ಕ ಅವರಿಗೆ ತ್ರಿಕೊತೂಸ್ ಅಂತ ಹೆಸರು ಬಿತ್ತು, ಹೆಣಿಯೋರು ಅಂತ ಅರ್ಥ. ಪ್ಯಾರಿಸಿನ ಕಾರ್ನವಾಲೆ ವಸ್ತುಸಂಗ್ರಹಾಲಯದಾಗ ಆ ಕಾಲದ್ದ ಒಂದು ಚಿತ್ರ ಅದ. ಅದರಾಗ ಸಾದಾ ಅರಿವಿ ಉಟ್ಟ ಹೆಣ್ಣುಮಕ್ಕಳು ಹೆಣಕೋತ ಅದಾರ, ಅಷ್ಟ. ರಾಕ್ಷಸಿಹಂಗೇನೂ ಕಾಣೂದಿಲ್ಲ.

ರಾಕ್ಷಸಿ ಮಾಡಿದ್ದು ಹಿಂದಿಂದ. 1793ರ ಅಕ್ಟೋಬರ್ ಕಡೀಕ ಹೆಣ್ಣುಮಕ್ಕಳ ರಾಜಕೀಯ ಸಂಘಾ ಎಲ್ಲಾ ಬಂದ್ ಮಾಡಿದ್ರು. 1795ರ ಮೇ ತಿಂಗಳದಾಗ ರೊಟ್ಟಿ ಗಲಾಟಿ ಆದ ಮ್ಯಾಲ ಮತ್ತೊಂದು ಹುಕುಂ ಬಂತು. ಹೆಂಗಸರು ಅವರವರ ಮನಿಗೆ ಹೋಗಬೇಕು, ರಸ್ತಾದಾಗ ಐದು ಮಂದಿಗಿಂತ ಹೆಚ್ಚು ಕೂಡಿದ್ರ ಚದರಸತೀವಿ ಅಂತ. ನೋಡ್ರಿ, ಮನಿಗೆ ಹೋಗ್ರಿ ಅನ್ನೋ ಮಾತು ಕಾನೂನು ಆಗಿ ಬಂತು. 1859ರಾಗ ಡಿಕನ್ಸ್ ತನ್ನ ಕಾದಂಬರಿಯೊಳಗ ಮದಾಮ್ ದಫಾರ್ಜ್ ಅಂತ ಒಬ್ಬಾಕಿನ್ನ ತಂದ. ಆಕಿ ಸಾಯಬೇಕಾದವರ ಹೆಸರೆಲ್ಲಾ ಗುಪ್ತ ಗುರ್ತಿನ್ಯಾಗ ಹೆಣಿಕಿಯೊಳಗ ಬರಕೊಂಡು ಕೂಡ್ತಾಳ. ಓದಿದವರ ತಲಿಯಾಗ ಗಿಲೋಟಿನ್ ಮುಂದ ಕೂತ ಆಕಿ ಚಿತ್ರನ ಉಳೀತು. ರೊಟ್ಟಿ ಕೇಳಲಿಕ್ಕೆ ಮಳಿಯಾಗ ನಡದವರ ಚಿತ್ರಾ ಮರತು ಹೋತು.

ಅದ ಸೂಜಿಗೆ ನೂರಾ ಇಪ್ಪತ್ತು ವರ್ಷದ ಮ್ಯಾಲ ಹಾರಾ ಹಾಕಿದ್ರು. 1914ರಾಗ ಮೊದಲನೇ ಮಹಾಯುದ್ಧ ಸುರು ಆತು. ಕಂದಕದ ನೀರಿನ್ಯಾಗ ದಿನಗಟ್ಟಲೆ ನಿಂತು ಸೈನಿಕರ ಕಾಲು ಕೊಳೀಲಿಕ್ಕೆ ಹತ್ತಿದ್ವು. ಒಣಾ ಕಾಲುಚೀಲಾ ಅಂದ್ರ ಔಷಧ ಇದ್ದಂಗ. ಸೇನಾ ಮಂತ್ರಿ ಕಿಚನರ್ ಕೇಳಿಕೊಂಡ ಪ್ರಕಾರ ರಾಣಿ ಮೇರಿ 3 ಲಕ್ಷ ಜೋಡಿ ಕಾಲುಚೀಲಾ, 3 ಲಕ್ಷ ಉಲನ್ ಸೊಂಟಪಟ್ಟಿ ಬೇಕಂತ ದೇಶದ ಹೆಣ್ಣುಮಕ್ಕಳಿಗೆ ಕರಿ ಕೊಟ್ಲು. ಆವಾಗ ನೋಡ್ರಿ, ಟ್ರಾಮಿನ್ಯಾಗ, ರೈಲಿನ್ಯಾಗ, ನಾಟಕದ ಥೇಟರಿನ್ಯಾಗ, ಎಲ್ಲೆಲ್ಲೂ ಸೂಜಿ. ದೊಡ್ಡ ಮನಿತನದವರೂ ನಾಕು ಮಂದಿ ಮುಂದ ಹೆಣೀಲಿಕ್ಕೆ ನಾಚಲಿಲ್ಲ. ಕಾಲುಚೀಲದ ಬೆರಳಿನ ಕಡೆ ಗಂಟು ಒತ್ತದಂಗ ಸಪಾಟಾಗಿ ಜೋಡಿಸೋ ಹೊಲಿಗಿಗೆ ಇವತ್ತಿಗೂ ಕಿಚನರ್ ಹೊಲಿಗಿ ಅಂತಾರ. ಹೊಲದವರು ಹೆಣ್ಣುಮಕ್ಕಳು, ಹೆಸರು ಮಾತ್ರ ಸೇನಾಪತಿದು.

ಆದ್ರ ಒಬ್ಬಾಕಿ ಅಡ್ಡ ನಿಂತ್ಲು. ಮೇರಿ ಮೆಕಾರ್ಥರ್ ಅಂತ, ಕೆಲಸಗಾರ ಹೆಣ್ಣುಮಕ್ಕಳ ಸಂಘದ ಮುಂದಾಳು. ಆಕಿ ವಾದ ಭಾಳ ಸರಳ. ಶ್ರೀಮಂತರ ಮನಿಯವರು ಪುಗಸಟ್ಟೆ ಹೊಲದು ಹೆಣದು ಕೊಟ್ರ, ಅದ ಕೆಲಸಾ ಮಾಡಿ ಹೊಟ್ಟಿ ಹೊರಕೊಳ್ಳೋ ಹುಡುಗ್ಯಾರ ಗತಿ ಏನು? ಯುದ್ಧ ಸುರು ಆದ ಕೂಡ್ಲೆ ಸಾವಿರಾರು ಹೆಣ್ಣುಮಕ್ಕಳ ನೌಕರಿ ಹೋಗಿದ್ವು. ರಾಣಿ ಆಕಿನ್ನ ಕರಿಸಿ ಮಾತು ಕೇಳಿದ್ಲು. ಕೇಳಿ, ಕೆಲಸಾ ಕಳಕೊಂಡ ಹೆಣ್ಣುಮಕ್ಕಳಿಗೆ ಕೂಲಿ ಕೆಲಸಾ ಹುಡುಕಿ ಕೊಡಲಿಕ್ಕೆ ಒಂದು ನಿಧಿ ಕೂಡಿಸಿದ್ಲು. ಪುಗಸಟ್ಟೆ ಕೈ ಇನ್ನೊಬ್ಬಾಕಿ ತುತ್ತು ಕಸೀತದ ಅನ್ನೋ ಮಾತನ್ನ ಅಷ್ಟ ಗಟ್ಟಿಯಾಗಿ ಹೇಳಿದಾಕಿ ಆಕಿ.

ಎರಡನೇ ಮಹಾಯುದ್ಧದಾಗ ಮತ್ತ ಅದ ಹಾಡು. 1941ರ ನವೆಂಬರ್ 24ರ ಅಮೆರಿಕಾದ ಲೈಫ್ ಪತ್ರಿಕಿ ಹೊದಿಕಿ ಮ್ಯಾಲನ ಹೆಣಿಯೂದು ಹೆಂಗ ಅಂತ ಬಂತು. ಅಧ್ಯಕ್ಷರ ಹೆಂಡತಿ ಎಲಿನಾರ್ ರೂಸ್‌ವೆಲ್ಟ್ ಹೋದಲ್ಲೆಲ್ಲಾ ಹೆಣಿಕಿ ಚೀಲಾ ಒಯ್ತಿದ್ರು. ಇನ್ನೊಂದು ಕಡೆ ಸೂಜಿ ಮ್ಯಾಲ ಸಂಶಯಾನೂ ಇತ್ತು. ಸೀದಾ ಒಂದು, ಉಲ್ಟಾ ಎರಡು ಅಂತ ಬರದ ಕಾಗದಾ ಗೂಢಲಿಪಿ ಇದ್ದಂಗ ಕಾಣ್ತದಲ್ಲಾ!

ಆ ಸಂಶಯಾ ಪೂರಾ ಖೊಟ್ಟಿ ಏನಲ್ಲಾ. ಫಿಲಿಸ್ ಲಾಟೂರ್ ಅಂತ ಒಬ್ಬಾಕಿ ಬ್ರಿಟಿಷರ ಗೂಢಚಾರಿಣಿ. 1944ರ ಮೇ ತಿಂಗಳದಾಗ 23 ವರ್ಷದ ಆಕಿನ್ನ ನಾಜಿಗಳ ಕೈಯಾಗಿದ್ದ ನಾರ್ಮಂಡಿಯೊಳಗ ವಿಮಾನದಿಂದ ಪ್ಯಾರಾಶೂಟ್ ಕಟ್ಟಿ ಇಳಿಸಿದ್ರು. ಸಣ್ಣ ಹುಡುಗಿ ವೇಷ ಹಾಕ್ಕೊಂಡು ಸೈಕಲ್ ಮ್ಯಾಲ ಸಾಬೂನು ಮಾರಕೋತ ತಿರುಗ್ತಿದ್ಲು. ಜರ್ಮನ್ ಸಿಪಾಯಿಗಳ ಜೋಡಿ ಹರಟಿ ಹೊಡದು ಸುದ್ದಿ ಕೂಡಸತಿದ್ಲು. ಗುಪ್ತ ಲಿಪಿ ಬರದ ರೇಶ್ಮಿ ತುಂಡನ್ನ ಹೆಣಿಕಿ ಸೂಜಿಗೆ ಸುತ್ತಿ, ಅದನ್ನ ಬೂಟಿನ ಲಾಡಿಯೊಳಗ ತೂರಿಸಿ, ಆ ಲಾಡಿಲೆ ಕೂದಲಾ ಕಟ್ಟತಿದ್ಲು. ಒಮ್ಮೆ ಹಿಡದು ಮೈ ಎಲ್ಲಾ ಶೋಧ ಮಾಡೂ ಮುಂದ ಆಕಿ ಲಾಡಿ ಬಿಚ್ಚಿ ಕೂದಲಾ ಝಾಡಿಸಿ ತೋರಿಸಿದ್ಲು, ಏನಿಲ್ಲಾ ನೋಡ್ರಿ ಅಂತ. ಬಿಟ್ಟ್ರು. 135 ಸಂದೇಶಾ ಕಳಿಸಿದ್ಲು. ಭಾಳ ವರ್ಷಾ ಮನ್ಯಾಗ ಮಕ್ಕಳಿಗೂ ಹೇಳಿರಲಿಲ್ಲ. 2023ರಾಗ, 102ನೇ ವಯಸ್ಸಿನ್ಯಾಗ ನ್ಯೂಜಿಲೆಂಡಿನ್ಯಾಗ ತೀರಿಕೊಂಡ್ಲು. ಸೂಜಿ ಹಿಡದಾಕಿನ್ನ ಯಾರೂ ಲೆಕ್ಕಕ್ಕ ಹಿಡಿಯೂದಿಲ್ಲ ಅನ್ನೋದನ್ನ ಆಕಿ ಬಂಡವಾಳಾ ಮಾಡ್ಕೊಂಡ್ಲು.

ಈಗ ನಮ್ಮ ದೇಶಕ್ಕ ಬರೋಣು. ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲಾದಾಗ ನರಸಾಪುರ ಅಂತ ಊರು. 19ನೇ ಶತಮಾನದಾಗ ಅಲ್ಲಿಗೆ ಬಂದ ಸ್ಕಾಟ್ಲೆಂಡಿನ ಮಿಶನರಿ ದಂಪತಿ ಬಡ ಹೆಣ್ಣುಮಕ್ಕಳಿಗೆ ಕ್ರೋಶಾ ಲೇಸು ಕಲಿಸಿದ್ರು. ಮುಂದ ಅದು ಊರೂರಿಗೆ ಹಬ್ಬಿತು. ಟೇಬಲ್ ಹಾಸು, ಗಲೀಫು, ಲೇಸಿನ ಅಂಚು, ಎಲ್ಲಾ ಹೊರದೇಶಕ್ಕ ಹೋಗ್ತಿದ್ವು. 1970ರ ದಶಕದ ಕಡೀಕ ಮರಿಯಾ ಮೀಸ್ ಅನ್ನೋ ಜರ್ಮನ್ ವಿದುಷಿ ಅಲ್ಲೆ ಹೋಗಿ ಮನಿ ಮನಿ ಕೂತು ವಿಚಾರಿಸಿದ್ರು. 1982ರಾಗ ಅವರ ಪುಸ್ತಕ ಬಂತು. ಲೇಸು ಹಾಕೋ ಹೆಣ್ಣುಮಕ್ಕಳು ಲಕ್ಷದ ಮ್ಯಾಲಿದ್ರು ಅಂತ ಅಂದಾಜು. ಅಡಗಿ, ನೀರು, ಮಕ್ಕಳು ಎಲ್ಲಾ ಮುಗಿಸಿ ಮ್ಯಾಲ ದಿನಕ್ಕ ಆರೆಂಟು ತಾಸು ಕೊಕ್ಕಿ ಸೂಜಿ ಹಿಡೀತಿದ್ರು. ಕೂಲಿ ಹೊಲದ ಕೂಲಿಗಿಂತನೂ ಕಡಿಮಿ. ವ್ಯಾಪಾರಾ, ರಫ್ತು, ಲಾಭಾ ಎಲ್ಲಾ ಗಂಡಸರ ಕೈಯಾಗ.

ಯಾಕ ಹಿಂಗ? ಯಾಕಂದ್ರ ಅವರನ್ನ ಕೆಲಸಗಾರರು ಅಂತ ಯಾರೂ ಕರೀಲಿಲ್ಲ. "ಮನ್ಯಾಗಿನ ಹೆಂಗಸರು, ಬಿಡುವಿನ್ಯಾಗ ಏನೋ ಮಾಡ್ತಾರ" ಅಂತ. ಜನಗಣತಿಯೊಳಗೂ ಅವರಲ್ಲಿ ಭಾಳ ಮಂದಿ ಕೆಲಸಗಾರರ ಲೆಕ್ಕಕ್ಕ ಬರಲಿಲ್ಲ. ಹೊರಗ ಕೂಲಿಗೆ ಹೋಗದ ಮನಿ ಒಳಗ ಕೂಡೂದ ಮರ್ಯಾದಿ ಅಂತ ಅವರೂ ನಂಬಿದ್ರು. ಶೆಟ್ಲೆಂಡಿನಾಕಿ ರಸ್ತಾದಾಗ ಹೆಣಕೋತ ಹೋಗೂದನ್ನ ಊರೆಲ್ಲಾ ನೋಡತಿತ್ತು, ಇದು ಕೆಲಸಾ ಅಂತ ಒಪ್ಪತಿತ್ತು, ಕಡೀಕ ಆಕಿ ಅಧಿಕಾರಿ ಮುಂದ ನಿಂತು ಲೆಕ್ಕಾ ಕೇಳಿದ್ಲು. ನರಸಾಪುರದಾಕಿ ಕದಾ ಹಾಕ್ಕೊಂಡ ಮನಿ ಒಳಗ ಕೂತಿದ್ಲು. ಪಕ್ಕದ ಮನಿಯಾಕಿಗೆ ಎಷ್ಟು ಸಿಕ್ತು ಅಂತನೂ ಆಕಿಗೆ ಗೊತ್ತಾಗೋ ಹಾದಿ ಇರಲಿಲ್ಲ. ಎರಡೂ ಕಡೆ ದರಾ ಹಚ್ಚಿದಾಂವ ವ್ಯಾಪಾರಿನ. ಆದ್ರ ಒಂದು ಕಡೆ ಕೆಲಸಾ ಕಣ್ಣಿಗೆ ಬಿತ್ತು, ಇನ್ನೊಂದು ಕಡೆ ಬೀಳಲಿಲ್ಲ.

ಈಗ ಹೊರಗ ಕೂಡೂದು ಮತ್ತ ಸುರು ಆಗೇದ. 2005ರಾಗ ಡೇನಿಯಲ್ ಲ್ಯಾಂಡಿಸ್ ಅನ್ನಾಕಿ ವರ್ಷಕ್ಕೊಮ್ಮೆ ಎಲ್ಲಾರೂ ಸಾರ್ವಜನಿಕ ಜಾಗಾದಾಗ ಕೂತು ಹೆಣಿಯೋ ದಿನಾ ಸುರು ಮಾಡಿದ್ಲು. ಮೊದಲನೇ ವರ್ಷ 25 ಕಡೆ ನಡೀತು. ಈಗ ಜೂನ್ ತಿಂಗಳದ ಎರಡನೇ ಶನಿವಾರ ದೇಶ ದೇಶದಾಗ ಬಾಗಿನ್ಯಾಗ, ಚಹಾದಂಗಡ್ಯಾಗ ಕೂಡ್ತಾರ. 2016ರ ಜನವರಿಯೊಳಗ ಚೆನ್ನೈದಾಗ ಹೆಣ್ಣುಮಕ್ಕಳು ಮನಿ ಮನಿಯೊಳಗ ಹಾಕಿದ ಕ್ರೋಶಾ ಚೌಕಾ ತಂದು ಜೋಡಿಸಿ 11,148 ಚದರ ಮೀಟರಿನ ಕಂಬಳಿ ಹಾಸಿ ಗಿನ್ನೆಸ್ ದಾಖಲಿ ಮಾಡಿದ್ರು. ಅಂದ್ರ ಎರಡೂ ಮುಕ್ಕಾಲು ಎಕರೆ! ಮನ್ಯಾಗ ಒಬ್ಬೊಬ್ಬರ ಹಾಕಿದ್ದನ್ನ ಬೈಲಿನ್ಯಾಗ ಹಾಸಿದಾಗನ ಗೊತ್ತಾತು, ಇದು ಎಷ್ಟು ದೊಡ್ಡ ಕೆಲಸಾ ಅಂತ.

2021ರ ಟೋಕಿಯೋ ಒಲಿಂಪಿಕ್ಸಿನ್ಯಾಗ ಚಿನ್ನಾ ಗೆದ್ದ ಬ್ರಿಟನ್ನಿನ ಡೈವಿಂಗ್ ಆಟಗಾರ ಟಾಮ್ ಡೇಲಿ ಮಂದಿ ನಡುವ ಕೂತು ಹೆಣಕೋತ ಆಟಾ ನೋಡಿದ. ಪದಕಕ್ಕ ಗೀರು ಬೀಳಬಾರದಂತ ಅದಕ್ಕೊಂದು ಚೀಲಾನೂ ಮಾಡಿದ್ದ. ಜಗತ್ತೆಲ್ಲಾ ಅವನ ಫೋಟೋ ಹಾಕ್ತು, "ಎಷ್ಟ ಛಂದ!" ಅಂತು. ನನಗೂ ಖುಷಿನ ಆತು. ಆದ್ರ ನಮ್ಮ ಓಣಿ ವೈನಿಗೋಳು ದವಾಖಾನಿ ಪಾಳಿಯೊಳಗ ಹೆಣದ್ರ ಯಾರರೆ ಫೋಟೋ ತಗೀತಾರೇನು?

ಇನ್ನ ಆ ಲೆಕ್ಕದ ಮಾತು. ನಮ್ಮ ಕಡೆ ಕುಲಾಯಿ, ಕಾಲುಚೀಲಾ, ಕೂಸಿನ ಸ್ವೆಟರು, ಬಾಗಲ ತೋರಣಾ, ದೇವರ ಮನಿ ಪಡದಾ, ಇವನ್ನ ಹಾಕಿ ಕೊಡೋ ಹೆಣ್ಣುಮಕ್ಕಳು ಓಣಿಗೊಬ್ಬರು ಅದಾರ. ಬಾಣಂತನ ಬಂತಂದ್ರ ಅವರ ಬಾಗಲಕ್ಕ ಬರ್ತಾರ. "ಉಲನ್ ರೊಕ್ಕಾ ನಾನ ಕೊಡ್ತೀನಿ ವೈನಿ, ನೀವು ಹಾಕಿ ಕೊಡ್ರಿ ಸಾಕು" ಅಂತಾರ. ಉಲನ್ನಿಗೆ ರೊಕ್ಕಾ ಅದ, ಕೈಗೆ ಇಲ್ಲಾ. ನಾ ಗಡಿಯಾರಾ ಇಟ್ಟುಕೊಂಡು ನೋಡೀನಿ. ಕುಲಾಯಿಗೆ ನಾಕು ತಾಸು, ಕಾಲುಚೀಲಕ್ಕ ಮೂರು, ಕೂಸಿನ ಸ್ವೆಟರಿಗೆ ಹದಿನೆಂಟು. ಒಟ್ಟು ಇಪ್ಪತ್ತೈದು ತಾಸು, ಕಚೇರಿಗೆ ಹೋಗೋರ ಲೆಕ್ಕದಾಗ ಮೂರು ದಿನದ ಪಗಾರ. ಅಕ್ಕನ ಮೊಮ್ಮಗನಿಗೆ, ತಂಗಿ ಮಗಳಿಗೆ ಪ್ರೀತಿಲೆ ಹಾಕೂದು ಬ್ಯಾರೆ, ಅದಕ್ಕ ದರಾ ಹಚ್ಚೂದು ಬ್ಯಾಡ. ಆದ್ರ ಪರಿಚಯದವರ ಪರಿಚಯದವರಿಗೆ ಹಾಕೂ ಮುಂದ ಪುಗಸಟ್ಟೆ ಯಾಕ? ನೀವು ಪುಗಸಟ್ಟೆ ಕೊಟ್ರ, ಅದರ ಮ್ಯಾಲ ಮನಿ ನಡಸೋ ಹಿಂದಿನ ಓಣಿಯಾಕಿ ದರಾನೂ ಬೀಳ್ತದ. ಮೇರಿ ಮೆಕಾರ್ಥರ್ ಹೇಳಿದ್ದು ಇದ ಮಾತು.

ಹಿಂಗಾಗಿ ನಾ ಹೇಳೂದು ಎರಡು. ಒಂದು, ಚೀಲದಾಗ ಸೂಜಿ ಜೋಡಿ ಒಂದು ಸಣ್ಣ ವಹಿ ಇಡ್ರಿ. ಎಷ್ಟ ತಾಸು ಹತ್ತಿತು ಬರೀರಿ, ಕೇಳಿದವರಿಗೆ ತೋರಸ್ರಿ, ಒಬ್ಬರ ದರಾ ಇನ್ನೊಬ್ಬರಿಗೆ ಹೇಳ್ರಿ. ಎರಡು, ಹೊರಗ ತರ್ರಿ. ಬಸ್ಸಿನ್ಯಾಗ ಕ್ರೋಶಾ ಛಲೋ, ಅದು ಉಚ್ಚಿ ಹೋಗೂದಿಲ್ಲ. ಕುಲಾಯಿ ನೆತ್ತಿಯ ದುಂಡನ್ನ ಭಾಗ ಬಸ್ಸಿನ್ಯಾಗ ಮುಗೀತದ, ಎಣಿಕಿ ಬೇಕಾದ ಸ್ವೆಟರಿನ ತೋಳು ಮನ್ಯಾಗ. ಕಾರ್ತೀಕ ಮಾಸದಾಗ ಗುಡಿ ಕಟ್ಟಿ ಮ್ಯಾಲ ಹೆಂಗೂ ಕೂಡ್ತೇವಿ, ಕೈಯಾಗ ಬತ್ತಿ ಹೊಸೀತೇವಿ, ಅದನ್ನ ನೋಡಿ ಯಾರೂ ನಗೂದಿಲ್ಲ. ಉಲನ್ ತಂದ್ರೂ ನಗಲಿಕ್ಕಿಲ್ಲ. ನಕ್ಕ್ರ ಅವರಿಗೂ ಒಂದು ಸೂಜಿ ಕೊಟ್ಟು ಬಾಜೂಕ ಕೂಡಿಸಿಕೊಳ್ರಿ.